ಸದ್ದಿಲ್ಲದ ಆಟೋದ ಪವಿತ್ರ

ಕೊಳ್ಳೇಗಾಲದಿಂದ ಹನೂರಿನವರೆಗೆ ಓಡಾಡುವ ಗಾಡಿ ಯಾವುದೇ ಇರಲಿ, ಕಣ್ಣು ಮುಚ್ಚಿಕೊಂಡು ಸದ್ದಿನಲ್ಲೇ ಗುರುತು ಹಿಡಿಯುತ್ತೇನೆ. ಎಂಜಿನ್ನು ಒಂದು ಸಲ ಕೆಮ್ಮಿದರೆ ಸಾಕು. ಯಾರ ಗಾಡಿ, ಯಾವ ಬಂಕಿನ ಡೀಸೆಲ್, ಡ್ರೈವರ್ ಬೆಳಿಗ್ಗೆ ಮುದ್ದೆ ಉಂಡನೋ ಉಪ್ಪಿಟ್ಟು ತಿಂದನೋ, ಎಲ್ಲ ಹೇಳಿಬಿಡುತ್ತೇನೆ. ನಮ್ಮೂರಿನ ನಾಯಿಗಳು ಬೊಗಳುವ ಮೊದಲು ಒಮ್ಮೆ ನನ್ನ ಮುಖ ನೋಡುತ್ತವೆ. ಎಪ್ಪತ್ತೆರಡು ವರ್ಷದಲ್ಲಿ ಈ ಕಿವಿ ಒಮ್ಮೆಯೂ ತಪ್ಪಿಲ್ಲ.

ಇಂಥ ಕಿವಿಯ ಎದುರಿಗೆ ಒಂದು ಬೆಳಿಗ್ಗೆ ಪವಿತ್ರ ಹಸಿರು ಆಟೋ ತಂದು ನಿಲ್ಲಿಸಿದಳು. ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದವನು ತಲೆ ಎತ್ತಿದರೆ ಕಾಲ ಬುಡದಲ್ಲೇ ಗಾಡಿ. ಯಾರು ತಳ್ಳಿಕೊಂಡು ಬಂದರು ಎಂದು ಕೇಳಿದೆ. ಕರೆಂಟಿನ ಗಾಡಿ ಎಂದಳು.

ಪವಿತ್ರ ಮುಳ್ಳೂರಿನ ಮಗಳು, ನಮ್ಮ ಬೀದಿಯ ಸೊಸೆ. ಬಂದ ಹೊಸದರಲ್ಲೇ ಟ್ರ್ಯಾಕ್ಟರ್ ಹೊಡೆದು ಊರಿನ ಗಂಡಸರ ಬಾಯಿ ತೆರೆಸಿದವಳು. ಕೆಲವರದು ಇನ್ನೂ ಮುಚ್ಚಿಲ್ಲ. ಹೆಂಗಸರ ಸಂಘದವರು ಅವಳಿಗೆ ಕೊಳ್ಳೇಗಾಲದಲ್ಲಿ ಹದಿನೈದು ದಿನ ತರಬೇತಿ ಕೊಡಿಸಿ ಈ ಆಟೋ ಒಪ್ಪಿಸಿದ್ದರು. ಷರತ್ತು ಒಂದೇ. ತಿಂಗಳ ಕೊನೆಯ ದಿನ ಸಂಘದ ಅಧ್ಯಕ್ಷೆ ಶಿವರತ್ನಮ್ಮ ಬಂದು ನೋಡುತ್ತಾರೆ. ಗಾಡಿ ತುಂಬಿದ್ದರೆ ಅವಳಿಗೇ, ಖಾಲಿ ಇದ್ದರೆ ಬೇರೆ ಊರಿಗೆ.

ತರಬೇತಿಯಲ್ಲಿ ಸಮುದ್ರದ ನಡುವಿನ ಒಂದು ಪುಟ್ಟ ದೇಶದ ವಿಡಿಯೋ ತೋರಿಸಿದ್ದರಂತೆ. ಎಣ್ಣೆಯೆಲ್ಲ ಹಡಗಿನಲ್ಲೇ ಬರಬೇಕಾದ ದ್ವೀಪ. ಬೇಸತ್ತ ಜನ ಬಿಸಿಲಿನಿಂದ ಕರೆಂಟು ಮಾಡಿಕೊಂಡು ಬಸ್ಸು, ದೋಣಿ, ಆಟೋ ಎಲ್ಲವನ್ನೂ ಅದರಲ್ಲೇ ಓಡಿಸಲು ಹೊರಟಿದ್ದಾರಂತೆ. ಅದನ್ನು ಹೇಳುವಾಗ ಅವಳ ಕಣ್ಣಿನ ಬೆಳಕಿಗೆ ನಾನು ಪೇಪರ್ ಓದಬಹುದಿತ್ತು.

"ನಮ್ದೂ ದ್ವೀಪಾನೇ ಅಲ್ವಾ ಮಾವ? ಅವರ ಸುತ್ತ ನೀರು, ನಮ್ ಸುತ್ತ ಕಾಡು. ಡೀಸೆಲ್ ಬೇಕಂದ್ರೆ ಕ್ಯಾನ್ ತಕಂಡು ಹನೂರಿಗೇ ಓಗ್ಬೇಕು. ಕರೆಂಟು ಮನೆ ಬಾಗ್ಲಿಗೇ ಬತ್ತದೆ."

ಬಂದಾಗ ಬರುತ್ತದೆ ಎಂದೆ. ನಮ್ಮೂರು ಲೊಕ್ಕನಹಳ್ಳಿಯಿಂದಲೂ ಆಚೆ, ಕಾಡಿನ ಅಂಚಿನಲ್ಲಿದೆ.

ಆದರೆ ತೊಡಕು ಬಂದದ್ದು ಕರೆಂಟಿನಿಂದಲ್ಲ. ನಮ್ಮ ಹೆಂಗಸರು ಗಡಿಯಾರ ನೋಡಿ ಹೊರಡುವವರಲ್ಲ. ಶಿವನಂಜಯ್ಯನ ಡೀಸೆಲ್ ಆಟೋ ಕೆರೆ ಏರಿ ಹತ್ತಿದ ಸದ್ದು ಬಂದರೆ ಒಲೆ ಆರಿಸಬೇಕು, ಅರಳಿಮರ ದಾಟಿದ ಸದ್ದು ಬಂದರೆ ತಲೆ ಬಾಚಬೇಕು, ಅಡುಗೆಮನೆಯ ಪಾತ್ರೆ ನಡುಗಿದರೆ ಬೀಗ ಹಾಕಬೇಕು. ಮೂವತ್ತು ವರ್ಷದ ಅಭ್ಯಾಸ. ಆ ಸದ್ದಿಗೆ ಬಿಳಿಗಿರಿ ಕಾಡಿನ ಆನೆಯೂ ನಿದ್ದೆಯಲ್ಲಿ ಮಗ್ಗುಲು ಬದಲಾಯಿಸುತ್ತದೆ. ಆನೆಯೇ ನನಗೆ ಹೇಳಿದ್ದು.

ಪವಿತ್ರಳ ಗಾಡಿ ಬರುವುದೋ, ಬೆಕ್ಕು ಹಾಲಿನ ಪಾತ್ರೆಯ ಹತ್ತಿರ ಬಂದ ಹಾಗೆ. ಮೊದಲ ವಾರ ಅವಳು ಬೀದಿ ಬೀದಿಯಲ್ಲಿ ನಿಂತಳು, ಕಾದಳು, ಖಾಲಿ ಹೋದಳು. ಒಳಗೆ ಹೆಂಗಸರು ಆಟೋ ಇನ್ನೂ ಬರಲಿಲ್ಲವೆಂದು ಕಾದು ಕೂತಿದ್ದರು. ಸಂಜೆ ಅವಳನ್ನೇ ಹಿಡಿದು, ಬರುತ್ತೇನೆಂದು ಹೇಳಿ ಕೈಕೊಟ್ಟೆಯಲ್ಲ ಎಂದು ಬೈದರು. ಹಾರ್ನ್ ಹೊಡೆದು ನೋಡಿದಳು. ದಾರಿಯಲ್ಲಿ ಮಲಗಿದ ಹಸುಗಳಿಗೆ ಹೊಡೆಯುತ್ತಿದ್ದಾಳೆಂದು ಯಾರೂ ಏಳಲಿಲ್ಲ. ಹಸುಗಳೂ ಏಳಲಿಲ್ಲ.

ಎರಡನೇ ವಾರ ನನ್ನ ಹತ್ತಿರ ಬಂದು, ಶಿವನಂಜಯ್ಯನ ಗಾಡಿಯ ಸದ್ದು ಬಾಯಲ್ಲಿ ಮಾಡುತ್ತೀರಂತಲ್ಲ ಎಂದಳು. ಬಾಯಿ ಕೆಲಸಕ್ಕೆ ನಾನು ಎಂದೂ ಆಗುವುದಿಲ್ಲ ಎಂದವನಲ್ಲ. ಎಲೆಯಡಿಕೆ ಉಗಿದು, ಗೇರು ಬದಲಾಯಿಸುವ ಕರಕರ ಸಮೇತ ಶುರು ಮಾಡಿದೆ. ಕೋಳಿಗಳು ಸತ್ತೇಗಾಲದ ದಿಕ್ಕಿಗೆ ಓಡಿದವು. ಗೋಡೆಯ ಕ್ಯಾಲೆಂಡರು ಎರಡು ತಿಂಗಳು ಮುಂದಕ್ಕೆ ಹೋಯಿತು. ಅವಳು ಅದನ್ನು ಮೊಬೈಲಿನಲ್ಲಿ ಹಿಡಿದು ಆಟೋದ ಸ್ಪೀಕರಿಗೆ ಹಾಕಿದಳು.

ಮಾರನೆಯ ದಿನ ಬಾಗಿಲುಗಳು ಪಟಪಟ ತೆರೆದವು. ಐದು ಜನ, ಎರಡು ಚೀಲ ಅವರೆಕಾಯಿ, ಒಂದು ಹುಂಜ. ಖುಷಿಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮೂರನೇ ವಾರ ಕನ್ನಡಕ ತರಲು ಹನೂರಿಗೆ ಹೊರಟಿದ್ದೆ. ಬೀದಿಯಲ್ಲಿ ಸದ್ದು ಕೇಳಿತು. ಶಿವನಂಜಯ್ಯನದೇ, ಸಂಶಯವಿಲ್ಲ. ಒಳಗಿನಿಂದಲೇ ಕೂಗಿದೆ, "ಲೇ ಶಿವನಂಜ, ಡೀಸೆಲ್ಲಿಗೆ ಸೀಮೆಎಣ್ಣೆ ಬೆರ್ಸಿದ್ದೀಯ ಕಣ್ಲಾ, ಗಾಡಿ ಗಂಟ್ಲು ಕಟ್ಕಂಡದೆ."

ಹೊರಗೆ ಬಂದರೆ ಪವಿತ್ರ. ನನ್ನ ಗಂಟಲನ್ನು ನನ್ನ ಕಿವಿಯೇ ಗುರುತು ಹಿಡಿದಿರಲಿಲ್ಲ. ಗಾಡಿಯಲ್ಲಿದ್ದವರು ಹನೂರು ಮುಟ್ಟುವವರೆಗೂ ನಕ್ಕರು. ಊರು ದಾಟಿದ ಮೇಲೆ ಅವಳು ಸ್ಪೀಕರ್ ನಿಲ್ಲಿಸಿದ್ದರಿಂದ ಅಷ್ಟೂ ನಗೆ ನನಗೆ ಸ್ಪಷ್ಟವಾಗಿ ಕೇಳಿತು. ನಗೆ ಮುಗಿದ ಮೇಲೆ ಮಾತು. ಯಾರ ಸೊಸೆ, ಯಾರ ಹಸು, ಯಾರ ಹೊಲಕ್ಕೆ ಹಂದಿ ನುಗ್ಗಿತು, ಒಂದಕ್ಷರ ತಪ್ಪದೆ ಎಲ್ಲರಿಗೂ ಕೇಳುತ್ತಿತ್ತು.

ಕೊನೆಯ ದಿನದ ಹಿಂದಿನ ಸಂಜೆ ಶಿವನಂಜಯ್ಯ ಅವಳ ಮನೆ ಮುಂದೆ ಬಂದು ನಿಂತ. ಕೋಪಕ್ಕಿಂತ ಸಂಕಟವೇ ಹೆಚ್ಚಿತ್ತು. "ಸದ್ದು ನಂದು, ಜನ ನಿಂಗಾ ಕಣವ್ವ?" ಎಂದ.

ಪವಿತ್ರ ಅವನ ಎದುರಿಗೇ ರೆಕಾರ್ಡಿಂಗ್ ಅಳಿಸಿದಳು. ನಾಳೆ ಒಂದು ದಿನ ಕಳೆಯಲಿ ಎಂದು ನಾನು ಬೇಡಿಕೊಂಡರೂ ಕೇಳಲಿಲ್ಲ.

"ಅವ್ರು ಕೇಳಿದ್ದು ಸರ್ಯಾಗೇ ಐತೆ ಮಾವ. ಕದ್ದ ಸದ್ದಲ್ಲಿ ಗಾಡಿ ಉಳುಸ್ಕಂಡು ಏನ್ ಮಾಡ್ಲಿ?"

ಬೆಳಿಗ್ಗೆ ಶಿವರತ್ನಮ್ಮ ಅರಳಿಮರದ ಕೆಳಗೆ ಬಂದು ನಿಂತರು. ಪವಿತ್ರ ಗಾಡಿ ಹೊರಡಿಸಿದಳು. ಸದ್ದು ಮಾಡುತ್ತಿದ್ದದ್ದು ನನ್ನ ಎದೆ ಮಾತ್ರ. ಹನೂರಿನ ಪೊಲೀಸರಿಗೂ ಕೇಳಿರಬೇಕು. ಗಾಡಿಯ ಹಿಂದೆಯೇ ಓಡಿ ತಿರುವು ತಿರುಗಿ ನೋಡಿದರೆ, ಮನೆಗಳಿಗೆ ಆಗಲೇ ಬೀಗ. ಹೆಂಗಸರೆಲ್ಲ ತಲೆ ಬಾಚಿ, ಚೀಲ ಹಿಡಿದು ಬೀದಿಯಲ್ಲಿ ನಿಂತಿದ್ದಾರೆ. ತಡವಾಗಿ ಹತ್ತಿದವರಿಗೆ ಮಾತಿನ ಮೊದಲ ಭಾಗ ತಪ್ಪಿಹೋಗುತ್ತದಲ್ಲ.

ಎಲ್ಲರಿಗಿಂತ ಮುಂದೆ ನಿಂತವಳು ದೊಡ್ಡಬಸಮ್ಮ, ಶಿವನಂಜಯ್ಯನ ಹೆತ್ತ ತಾಯಿ. ಅವನು ಎದುರಿಗೇ ಆಟೋ ತಂದು ಗುರುಗುಟ್ಟಿಸುತ್ತಾ, ಇದೇನವ್ವ ಎಂದು ಕೇಳಿದ.

"ನಿನ್ ಗಾಡೀಲಿ ಮೂವತ್ತು ವರ್ಸ ಕೂತೆ ಕಣ್ಲಾ. ನಾ ಆಡಿದ್ ಒಂದ್ ಮಾತಾದ್ರೂ ಯಾರ್ಗಾದ್ರೂ ಕೇಳಿಸ್ತಾ?"

ಅವನು ಕಿವಿಗೆ ಕೈ ಕೊಟ್ಟು, "ಏನಂದೆ?" ಎಂದ.

ತುಂಬಿದ ಗಾಡಿ ಅರಳಿಮರದ ಕೆಳಗೆ ಬಂದಾಗ ಶಿವರತ್ನಮ್ಮ ಆರು ತಲೆ ಎಣಿಸಿದರು. ಗಾಡಿ ನಿನ್ನದೇ ಕಣಮ್ಮ ಎಂದು ಪವಿತ್ರಳ ಬೆನ್ನು ತಟ್ಟಿದರು. ಹೆಂಗಸರ ಕೇಕೆಗೆ ಅರಳಿಮರದ ಎಲೆ ಉದುರಿದವು. ನಾನೂ ಎದೆಯುಬ್ಬಿಸಿ ಹತ್ತಿರ ಹೋದೆ. ಈ ಗಾಡಿ ಉಳಿದದ್ದು ನನ್ನ ಗಂಟಲಿನಿಂದ, ಸರಿದು ಒಂದು ಸೀಟು ಕೊಡಿ ಎಂದೆ.

ಪವಿತ್ರ ಹಿಂದಕ್ಕೆ ಒಮ್ಮೆ ತಿರುಗಿ ನೋಡಿದಳು.

"ಜಾಗ ಇಲ್ಲ ಮಾವ. ಸದ್ದು ಮಾಡ್ಕಂಡು ಹಿಂದೆ ಬನ್ನಿ, ಯಾರಾದ್ರೂ ನಿಮ್ ಮೇಲೆ ಹತ್ಕತಾರೆ."