ಮುಂದಿನ ಸೀಟಿನ ಹುಡುಗಿ

ಆ ವ್ಯಾನಿನಲ್ಲಿ ದಿನಾ ಹನ್ನೆರಡು ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಹನ್ನೊಂದು ಬೇರೆಯವರ ಮಕ್ಕಳು, ಒಬ್ಬಳು ಓಡಿಸುವವನ ಸ್ವಂತ ಮಗಳು. ಓಡಿಸುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು, ಆದರೆ ಅದು ಲೈಸೆನ್ಸಿನಲ್ಲಿ ಮಾತ್ರ ಉಳಿದುಕೊಂಡಿತ್ತು. ಮಕ್ಕಳೆಲ್ಲ ವ್ಯಾನ್ ಅಂಕಲ್ ಅನ್ನುತ್ತಿದ್ದರು. ಅವರ ಅಪ್ಪ ಅಮ್ಮಂದಿರೂ ಹಾಗೇ ಅನ್ನುತ್ತಿದ್ದರು, ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಅಜ್ಜನೊಬ್ಬರೂ ಮೊಮ್ಮಗನ ಕೈಹಿಡಿದು ನಿಂತು 'ಬಂದ್ರಾ ಅಂಕಲ್' ಎಂದೇ ಕೇಳುತ್ತಿದ್ದರು. ಹೆಂಡತಿ ಕೂಡ ಸಿಟ್ಟು ಬಂದಾಗ 'ಏನ್ರೀ ವ್ಯಾನ್ ಅಂಕಲ್' ಎಂದೇ ಜಗಳ ಶುರು ಮಾಡುತ್ತಿದ್ದಳು.

ಹದಿನಾಲ್ಕು ವರ್ಷದಿಂದ ಅವನದು ಅದೇ ಕೆಲಸ. ಯಾವ ತಿರುವಿನಲ್ಲಿ ಯಾವ ಮಗುವಿಗೆ ವಾಂತಿ ಬರುತ್ತದೆ, ಯಾರಿಗೆ ಕಿಟಕಿ ಬೇಕು, ಯಾರು ನೀರಿನ ಬಾಟಲಿಯನ್ನು ಗೇಟಿನ ಮೇಲೇ ಮರೆತು ಬರುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಏಳು ಇಪ್ಪತ್ತಕ್ಕೆ ಮೊದಲ ಮನೆ, ಎಂಟು ಹತ್ತಕ್ಕೆ ಶಾಲೆ. ಈ ವೇಳೆ ಒಂದು ದಿನವೂ ತಪ್ಪಿರಲಿಲ್ಲ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಹೇಳಿಕೊಳ್ಳಲು ಬೇರೇನೂ ಇಲ್ಲದವನಿಗೆ ಅಷ್ಟಾದರೂ ಬೇಡವೇ?

ಜ್ವರ ಬಂದದ್ದು ಆ ವರ್ಷದ ಪರೀಕ್ಷೆಗಳಿಗೆ ಒಂದು ತಿಂಗಳು ಇರುವಾಗ. ಮೊದಲು ಮೂರನೇ ತರಗತಿಯಲ್ಲಿ ಇಬ್ಬರು ಮಕ್ಕಳು ಮಲಗಿದರು. ಆಮೇಲೆ ಅವರ ಟೀಚರ್. ಸಾಮಾನ್ಯ ನೆಗಡಿ ಕೆಮ್ಮಿನ ಹಾಗೇ ಶುರುವಾಗಿ, ಎರಡು ಮೂರು ದಿನದೊಳಗೇ ಕೆಲವರಿಗೆ ಉಸಿರು ಎಳೆಯುವುದೇ ಕಷ್ಟವಾಗುತ್ತಿತ್ತು. ಪಕ್ಕದ ಶಾಲೆಯ ಒಂದು ಮಗು ಆಸ್ಪತ್ರೆ ಸೇರಿದ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಎಲ್ಲರ ಜೀವ ಬಾಯಿಗೆ ಬಂತು. ಶಾಲೆಯಿಂದ ಒಂದು ಸುತ್ತೋಲೆ ಬಂತು. ಪಾಠಗಳು ನಡೆಯುತ್ತವೆ, ಮಕ್ಕಳನ್ನು ಕಳಿಸುವುದು ಬಿಡುವುದು ಪೋಷಕರ ವಿವೇಚನೆಗೆ ಬಿಟ್ಟದ್ದು ಎಂದು ಬರೆದು ಶಾಲೆ ಕೈ ತೊಳೆದುಕೊಂಡಿತ್ತು. ವಿವೇಚನೆ ಅನ್ನುವುದು ಮನೆಯಲ್ಲಿ ಯಾವ ಡಬ್ಬದಲ್ಲಿ ಇರುತ್ತದೆ ಎಂದು ಪೋಷಕರಿಗೂ ಗೊತ್ತಿರಲಿಲ್ಲ. ಅದಕ್ಕೇ ಎಲ್ಲರೂ ವ್ಯಾನ್ ಅಂಕಲ್‌ಗೆ ಫೋನ್ ಮಾಡಿದರು.

ಪಕ್ಕದ ಬೀದಿಯವರು ಕಳಿಸ್ತಿದ್ದಾರಾ, ಬ್ಯಾಂಕಿನವರ ಮಗ ಬರ್ತಾನಾ, ನಾಳೆ ಎಷ್ಟು ಜನ ಆಗ್ತಾರೆ ಎಂದು ಒಬ್ಬರಾದ ಮೇಲೊಬ್ಬರು ಅವನ ತಲೆ ತಿಂದರು. ಡಾಕ್ಟರನ್ನು ಕೇಳಬೇಕಾದ್ದನ್ನು ಡ್ರೈವರನ್ನು ಕೇಳುತ್ತಿದ್ದಾರಲ್ಲ ಎಂದು ಮೊದಮೊದಲು ಅವನಿಗೆ ಒಳಗೊಳಗೇ ಖುಷಿಯಾಯಿತು. ಎಲ್ಲರಿಗೂ 'ಎಲ್ಲಾ ಬರ್ತಿದ್ದಾರೆ, ನೀವೇನೂ ಯೋಚನೆ ಮಾಡ್ಬೇಡಿ' ಎಂದ. ಎಲ್ಲರಿಗೂ ಹಾಗೆ ಹೇಳಿದ್ದರಿಂದ ಎಲ್ಲರೂ ಬಂದರು. ಆದರೆ ಫೋನ್ ಇಡುವ ಮೊದಲು ಅವರೆಲ್ಲ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. 'ನಿಮ್ಮ ಮಗಳು?'

ಅವನ ಮಗಳು ಏಳನೇ ತರಗತಿ. ವ್ಯಾನಿನಲ್ಲಿ ಅವಳೇ ದೊಡ್ಡವಳು, ಒಂದನೇ ತರಗತಿಯಿಂದಲೂ ಅಪ್ಪನ ಪಕ್ಕದ ಮುಂದಿನ ಸೀಟು ಅವಳದೇ. ನಾಲ್ಕು ವರ್ಷದವಳಿದ್ದಾಗ ಅವಳಿಗೆ ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಈಗಲೂ ಸಣ್ಣ ನೆಗಡಿಯಾದರೆ ಸಾಕು, ಎದೆಯಲ್ಲಿ ಸುಯ್ ಎಂಬ ಸದ್ದು ಶುರುವಾಗುತ್ತಿತ್ತು. ಸುತ್ತೋಲೆ ಬಂದ ಭಾನುವಾರ ಅವನ ಹೆಂಡತಿ ಪಾತ್ರೆ ತೊಳೆಯುತ್ತ, ತಿರುಗಿಯೂ ನೋಡದೆ, ಇವಳು ನಾಳೆಯಿಂದ ಶಾಲೆಗೆ ಹೋಗುವುದಿಲ್ಲ ಎಂದಳು. ಅವನು ಎದುರು ಮಾತಾಡಲಿಲ್ಲ. ಅದರ ಹಿಂದಿನ ವಾರವೆಲ್ಲ ಬೆಳಗ್ಗೆ ಮಗಳು ಏಳುವ ಮೊದಲೇ ಅವಳ ಬೆನ್ನಿಗೆ ಕಿವಿಯಿಟ್ಟು ಕೇಳುತ್ತಿದ್ದವನು ಅವನೇ. ಹೆಂಡತಿ ಹೇಳದಿದ್ದರೆ ತಾನೇ ಹೇಳುತ್ತಿದ್ದ.

ಆದರೆ ಒಪ್ಪಿಕೊಂಡು ಅರ್ಧ ಗಂಟೆಯಾಗುವಷ್ಟರಲ್ಲಿ ಅವನು ಹೊರಗೆ ಹೋಗಿ ವ್ಯಾನಿನೊಳಗೆ ಇಣುಕಿದ. ಮುಂದಿನ ಸೀಟು ಖಾಲಿ ಕಂಡರೆ? ಮೊದಲ ಮನೆಯವರು ಮಗುವನ್ನು ಕೆಳಗಿಳಿಸುತ್ತಾರೆ. ಎರಡನೆಯವರಿಗೆ ಅವರೇ ಫೋನ್ ಮಾಡುತ್ತಾರೆ. ಸಂಜೆಯೊಳಗೆ ವ್ಯಾನು ಮನೆ ಮುಂದೆ ನಿಲ್ಲುತ್ತದೆ. ಹಿಂದೊಮ್ಮೆ ಹೀಗೇ ರೋಗ ಬಂದು ಶಾಲೆಗಳು ಮುಚ್ಚಿದಾಗ ಅದು ಐದು ತಿಂಗಳು ಟಾರ್ಪಾಲು ಹೊದ್ದು ನಿಂತಿತ್ತು, ಅವನು ಗೋದಾಮಿನಲ್ಲಿ ಮೂಟೆ ಹೊತ್ತು ಸೊಂಟ ಹಿಡಿಸಿಕೊಂಡಿದ್ದ. ಮತ್ತೆ ಆ ಗೋದಾಮಿನ ಬಾಗಿಲಿಗೆ ಹೋಗಿ ನಿಲ್ಲುವುದು ಅವನಿಂದ ಆಗುವಂತಿರಲಿಲ್ಲ.

ಅವನು ಹುಡುಕಿಕೊಂಡ ದಾರಿ ಸುಲಭದ್ದು. ಚಿಕ್ಕ ಮಕ್ಕಳು ಇಳಿಯುವುದು ಶಾಲೆಯ ಮುಂದಿನ ಗೇಟಿನಲ್ಲಿ, ದೊಡ್ಡ ತರಗತಿಗಳ ಕಟ್ಟಡದ ಗೇಟು ಹಿಂದಿನ ರಸ್ತೆಗೆ. ಹನ್ನೊಂದು ಮಕ್ಕಳನ್ನು ಇಳಿಸಿ ವ್ಯಾನು ಸುತ್ತು ಹಾಕುವಾಗ ಅದರಲ್ಲಿ ಇರುತ್ತಿದ್ದುದು ಅಪ್ಪ ಮಗಳು ಇಬ್ಬರೇ. ಹಿಂದಿನ ಗೇಟಿನಲ್ಲಿ ನಿಲ್ಲಿಸದೆ ನೇರ ಹೋದರೆ ಎರಡು ರಸ್ತೆ ದಾಟಿ ಅವನ ಅಕ್ಕನ ಮನೆ. ಹಗಲೆಲ್ಲ ಹುಡುಗಿ ಅಲ್ಲಿರಲಿ, ಮಧ್ಯಾಹ್ನ ಚಿಕ್ಕವರಿಗಿಂತ ಮೊದಲು ಅವಳನ್ನು ಹತ್ತಿಸಿಕೊಂಡರಾಯಿತು. ಮನೆಯಲ್ಲಿ ಒಬ್ಬಳೇ ಇರುವುದಕ್ಕಿಂತ ಅತ್ತೆಯ ಮನೆ ವಾಸಿ ಎಂದಾಗ ಹೆಂಡತಿಯೂ ಹೂಂ ಅಂದಳು. ಅವಳು ಬಟ್ಟೆ ಕಾರ್ಖಾನೆಗೆ ಆರೂವರೆಗೇ ಹೊರಡುವವಳು, ಆಮೇಲೆ ಮಗಳು ಏನು ಹಾಕಿಕೊಂಡು ಹೊರಟಳು ಎಂಬುದು ಅವಳಿಗೆ ತಿಳಿಯುವಂತಿರಲಿಲ್ಲ. ವ್ಯಾನಿನ ಕಿಟಕಿಗಳನ್ನೆಲ್ಲ ತೆಗೆದಿಟ್ಟರೆ ಗಾಳಿಯಾಡುತ್ತದೆ, ಐವತ್ತು ನಿಮಿಷದಲ್ಲಿ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿಗೂ ಸುಳ್ಳಾಡಿರಲಿಲ್ಲ, ಪೋಷಕರಿಗೂ ಸುಳ್ಳಾಡಬೇಕಾಗಿರಲಿಲ್ಲ. ಎಂಥ ಜಾಣ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಸೋಮವಾರ ಹನ್ನೊಂದೂ ಮಕ್ಕಳು ಬಂದರು. ಪ್ರತಿ ಮನೆಯ ಮುಂದೆಯೂ ಅಮ್ಮನೋ ಅಪ್ಪನೋ ಅಜ್ಜನೋ ಮಗುವಿನ ಕೈ ಬಿಡುವ ಮೊದಲು ಒಂದು ಸಲ ಮುಂದಿನ ಸೀಟಿನ ಕಡೆ ನೋಡುತ್ತಿದ್ದರು. ಅಲ್ಲಿ ಎರಡು ಜಡೆ, ಇಸ್ತ್ರಿ ಮಾಡಿದ ಯೂನಿಫಾರ್ಮ್, ತೊಡೆಯ ಮೇಲೆ ಬ್ಯಾಗು ಕಾಣುತ್ತಿತ್ತು. ಮಗುವಿನ ಕೈ ಬಿಡುತ್ತಿದ್ದರು. ಬ್ಯಾಗಿನಲ್ಲಿ ಒಂದು ಕಥೆ ಪುಸ್ತಕ ಮತ್ತು ಅತ್ತೆಗೆ ಕೊಡಬೇಕಾದ ಖಾಲಿ ಡಬ್ಬ ಬಿಟ್ಟರೆ ಬೇರೇನೂ ಇರಲಿಲ್ಲ.

ಹುಡುಗಿ ಮಂಗಳವಾರವೇ ಕೇಳಿದಳು. ಚಿಕ್ಕವರನ್ನು ಇಳಿಸಿ ಹಿಂದಿನ ಗೇಟು ದಾಟುವಾಗ, ತನ್ನ ತರಗತಿಯವರು ಯಾರಾದರೂ ಕಂಡಾರು ಎಂದು ಸೀಟಿನಲ್ಲಿ ಕೆಳಕ್ಕೆ ಜಾರಿ ಕೂತಿದ್ದಳು.

"ಅತ್ತೆ ಮನೇಲಿ ಟಿವಿ ನೋಡಕ್ಕೆ ಯೂನಿಫಾರ್ಮ್ ಯಾಕಪ್ಪಾ?"

"ನೀನು ಕಾಣ್ದೇ ಇದ್ರೆ ಅವರೆಲ್ಲ ಹೆದರ್ಕೋತಾರೆ ಮಗಾ."

"ಹೆದರ್ಲಿ ಬಿಡು. ನಾವೂ ಹೆದರಿದೀವಲ್ಲ."

ಅವನು ರೇಡಿಯೊ ಹಾಕಿದ.

ಮೂರನೇ ಸ್ಟಾಪಿನಲ್ಲಿ ಹತ್ತುವವಳನ್ನು ವ್ಯಾನಿನವರೆಲ್ಲ ಬಟನ್ ಎಂದು ಕರೆಯುತ್ತಿದ್ದರು. ಆರು ವರ್ಷದ ಹುಡುಗಿ. ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳುತ್ತೇನೆ ಎಂಬ ಹಟ, ದಿನಾ ಒಂದು ಗುಂಡಿ ಮೇಲೆ ಕೆಳಗಾಗಿ ಅಂಗಿ ಒಂದು ಕಡೆ ಇಳಿಬಿದ್ದಿರುತ್ತಿತ್ತು. ಅವಳಮ್ಮ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆಯಲ್ಲಿ ಅವರಿಬ್ಬರೇ. ಅಂಗಡಿಯ ಮಾಲೀಕರನ್ನು ಕೇಳಿ ಒಂದು ವಾರ ರಜೆ ಗಿಟ್ಟಿಸಿಕೊಂಡಿದ್ದೇನೆ, ಬೇಕಾದರೆ ಮಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ಸುಮ್ಮನೆ ಹೆದರುತ್ತಿದ್ದೇನೋ ಏನೋ ಎಂದು ಬುಧವಾರ ಬೆಳಗ್ಗೆ ಡ್ರೈವರ್ ಕಿಟಕಿಯ ಹತ್ತಿರ ಬಂದು ಹೇಳಿಕೊಂಡಳು. ಬಟನ್ ಅಮ್ಮನ ಕಾಲಿಗೆ ಒರಗಿ ನಿಂತಿದ್ದಳು.

"ನಿಮ್ಮ ಮಗಳಿಗೆ ಎದೆ ವೀಕ್ ಅಂತ ನೀವೇ ಹೇಳಿದ್ರಿ ಅಂಕಲ್. ಆದ್ರೂ ಕಳಿಸ್ತಿದೀರಾ?"

"ನೋಡ್ತಿದೀರಲ್ಲ ಅಕ್ಕಾ," ಎಂದ ಅವನು. "ಇಲ್ಲೇ ಕೂತಿದಾಳೆ."

ಎಳ್ಳಷ್ಟೂ ಸುಳ್ಳಿಲ್ಲದ ಮಾತು. ಮಗಳು ಬ್ಯಾಗಿನ ಜಿಪ್ಪನ್ನು ತೆಗೆಯುತ್ತ ಹಾಕುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. ಕನ್ನಡಕದಂಗಡಿಯ ಅಕ್ಕ ಒಂದು ಗಳಿಗೆ ಆ ಎರಡು ಜಡೆಗಳನ್ನೇ ನೋಡಿದಳು. ಆಮೇಲೆ ಬಗ್ಗಿ ಮಗಳ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿ, ಎತ್ತಿ ವ್ಯಾನಿನೊಳಗೆ ಕೂರಿಸಿದಳು. ನನ್ನದೇ ಅತಿಯಾಯ್ತು ಅಂಕಲ್, ನಾಳೆಯಿಂದ ನಾನೂ ಕೆಲಸಕ್ಕೆ ಹೋಗ್ತೀನಿ ಎಂದು ನಕ್ಕಳು. ಅವನೂ ನಕ್ಕ.

ಗುರುವಾರ ಬಟನ್ ಓದುವ ಒಂದನೇ ತರಗತಿಯಲ್ಲಿ ಅರ್ಧದಷ್ಟು ಬೆಂಚುಗಳು ಖಾಲಿ ಎಂದು ಮಕ್ಕಳು ಮಾತಾಡಿಕೊಂಡರು. ಶುಕ್ರವಾರ ಮಧ್ಯಾಹ್ನ ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಒಂದು ಕೆಮ್ಮು ಕೇಳಿಸಿತು. ಅವನು ಕನ್ನಡಿಯಲ್ಲಿ ನೋಡಿದ. ಬಟನ್ ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಉಳಿದವರು ಕೂಗಾಡುತ್ತಿದ್ದರೂ ಅವಳಿಗೆ ಎಚ್ಚರವಾಗಲಿಲ್ಲ. ಮೂರನೇ ಸ್ಟಾಪಿನಲ್ಲಿ ಅವನೇ ಎತ್ತಿ ಇಳಿಸಿದ. ಅಂಗಿಯ ಮೇಲಿಂದಲೇ ಅವಳ ಮೈ ಕಾದ ಕಾವಲಿಯಂತೆ ಸುಡುತ್ತಿತ್ತು. ಮಗಳನ್ನು ಇಳಿಸಿಕೊಳ್ಳಲು ಅಂಗಡಿಯಿಂದ ಬಂದಿದ್ದ ಅಮ್ಮನಿಗೆ ಸ್ವಲ್ಪ ಮೈ ಬಿಸಿ ಇದೆ ಅಕ್ಕಾ ಎಂದು ಹೇಳಿ, ಅವಳು ಇನ್ನೇನಾದರೂ ಕೇಳುವ ಮೊದಲೇ ಹೊರಟುಬಿಟ್ಟ.

ಅವನಿಗೆ ಮೊದಲು ನೆನಪಾದದ್ದು ತನ್ನ ಮಗಳು. ಆಮೇಲೆ ಸೋಮವಾರದ ಟ್ರಿಪ್ಪು. ಬಟನ್ ನೆನಪಾದದ್ದು ಅದೂ ಆದ ಮೇಲೆ. ಆ ಸರದಿಯನ್ನು ನೆನೆದು ಅವನಿಗೇ ನಾಚಿಕೆಯಾಯಿತು. ಮನೆ ತಲುಪಿದ್ದೇ ಮಗಳನ್ನು ಬಿಸಿನೀರಿನ ಸ್ನಾನಕ್ಕೆ ಕಳಿಸಿದ, ಯೂನಿಫಾರ್ಮನ್ನು ಬಕೆಟ್ಟಿನಲ್ಲಿ ನೆನೆಹಾಕಿದ, ವ್ಯಾನಿನ ಒಂದೊಂದು ಸೀಟನ್ನೂ ಫಿನಾಯಿಲ್ ಹಾಕಿ ಉಜ್ಜಿದ. ಮತ್ತೆ ಮತ್ತೆ ಮಗಳ ಬೆನ್ನಿಗೆ ಕಿವಿಯಿಟ್ಟ. ಸದ್ದೇನೂ ಇರಲಿಲ್ಲ. ಕೆಲಸದಿಂದ ಬಂದ ಹೆಂಡತಿ ಬಕೆಟ್ಟಿನಲ್ಲಿ ಯೂನಿಫಾರ್ಮ್ ಕಂಡು ಅವನ ಮುಖ ನೋಡಿದಳು. ಅವನು ಎಲ್ಲವನ್ನೂ ಹೇಳಿದ. ಅವಳು ವ್ಯಾನ್ ಅಂಕಲ್ ಎಂದು ಜಗಳ ಶುರು ಮಾಡಲಿಲ್ಲ. ಶನಿವಾರ ಇಡೀ ಅವನ ಜೊತೆ ಮಾತು ಬಿಟ್ಟಳು. ಉಳಿದ ಹತ್ತು ಮನೆಗಳಿಗೆ ಫೋನ್ ಮಾಡಿ ಹೇಳಬೇಕು ಎಂದು ಅವನು ನಾಲ್ಕು ಸಲ ಫೋನ್ ಕೈಗೆತ್ತಿಕೊಂಡ, ನಾಲ್ಕು ಸಲವೂ ಕೆಳಗಿಟ್ಟ. ಬರೀ ನೆಗಡಿ ಇರಬಹುದು ಎಂದುಕೊಂಡ.

ಭಾನುವಾರ ಹನ್ನೊಂದು ಗಂಟೆಗೆ ಕನ್ನಡಕದಂಗಡಿಯ ಅಕ್ಕನೇ ಫೋನ್ ಮಾಡಿದಳು. ಅವಳ ಹೆಸರು ಕಂಡು ಅವನು ಮನೆ ಮುಂದೆ ನಿಂತಿದ್ದ ವ್ಯಾನಿನ ಹತ್ತಿರ ಬಂದು ಫೋನ್ ಎತ್ತಿದ. ಬೈಯುತ್ತಾಳೆ ಎಂದುಕೊಂಡ, ಬೈಯಲಿ ಎಂದೂ ಅನ್ನಿಸಿತು. ಅವಳು ಬೈಯಲಿಲ್ಲ. ಅವಳ ದನಿ ನಿದ್ದೆಯಿಲ್ಲದೆ ಸೊರಗಿತ್ತು. ಮಗಳನ್ನು ನಿನ್ನೆ ಆಸ್ಪತ್ರೆಗೆ ಸೇರಿಸಿದ್ದೇನೆ, ಆಕ್ಸಿಜನ್ ಇಟ್ಟಿದ್ದಾರೆ, ಇನ್ನೆರಡು ದಿನ ಏನೂ ಹೇಳುವುದಕ್ಕಾಗಲ್ಲ ಅಂತಾರೆ ಎಂದಳು. ಅದನ್ನು ಹೇಳಲಿಕ್ಕೇ ಫೋನ್ ಮಾಡಿದ್ದಲ್ಲ, ನಿಮ್ಮ ಮಗಳ ಬಗ್ಗೆ ಹೇಳೋಣ ಅಂತ ಮಾಡಿದೆ ಎಂದಳು. ಶಾಲೆಯ ಎಲ್ಲ ತರಗತಿಗಳಲ್ಲೂ ಇದೆಯಂತೆ, ಎದೆ ವೀಕ್ ಇರುವ ಮಕ್ಕಳನ್ನು ಕೆಮ್ಮು ಬರುವವರೆಗೂ ಕಾಯದೆ ಕರೆದುಕೊಂಡು ಬರಬೇಕಂತೆ, ಇವತ್ತೇ ತೋರಿಸಿ, ತಡ ಮಾಡಬೇಡಿ. ಮಗಳ ಮಂಚದ ಪಕ್ಕ ಕೂತು ಅವಳು ಯೋಚಿಸಿದ್ದು ಅವನ ಮಗಳ ಬಗ್ಗೆ. ಅವನು ವ್ಯಾನಿನ ಬಾಗಿಲು ಹಿಡಿದುಕೊಂಡ.

"ನಿಮ್ಮನ್ನೇನೂ ಅಂತಿಲ್ಲ ಅಂಕಲ್," ಎಂದಳು. "ಇಬ್ಬರೂ ಒಂದೇ ತಪ್ಪು ಮಾಡಿದ್ವಿ."

ಹೂಂ ಅಕ್ಕಾ ಎಂದು ಫೋನ್ ಇಡಬಹುದಿತ್ತು. ಅವನು ಹೇಳದಿದ್ದರೆ ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಮಗಳು ಮೆಟ್ಟಿಲ ಮೇಲೆ ಕೂತು ಒದ್ದೆ ಕೂದಲು ಒಣಗಿಸಿಕೊಳ್ಳುತ್ತಿದ್ದಳು, ಅವಳ ಕಣ್ಣು ಅಪ್ಪನ ಮೇಲೇ ಇತ್ತು.

"ಅಕ್ಕಾ, ನನ್ನ ಮಗಳು ಸೋಮವಾರದಿಂದ ಶಾಲೆಗೆ ಹೋಗಿಲ್ಲ."

"ದಿನಾ ವ್ಯಾನಲ್ಲಿ ಇದ್ಲಲ್ಲ?"

"ಇದ್ಲು. ನಿಮಗೆಲ್ಲ ಕಾಣ್ಲಿ ಅಂತ ಕೂರಿಸ್ಕೊಂಡು ಬರ್ತಿದ್ದೆ. ನಿಮ್ಮ ಮಕ್ಕಳನ್ನ ಇಳಿಸಿ ಇವಳನ್ನ ನಮ್ಮಕ್ಕನ ಮನೇಲಿ ಬಿಡ್ತಿದ್ದೆ. ನನಗೆ ಭಯ ಇತ್ತು."

ಆ ಕಡೆ ಯಾವುದೋ ಗಾಡಿಯ ಚಕ್ರಗಳ ಸದ್ದು, ಯಾರೋ ಯಾರನ್ನೋ ಕರೆಯುತ್ತಿದ್ದ ಸದ್ದು ಕೇಳಿಸಿತು.

"ನಾನು ನಿಮ್ಮನ್ನ ಕೇಳಿದ್ದು ಬುಧವಾರ."

"ಹೌದಕ್ಕಾ."

"ಬುಧವಾರ ಅವಳು ಚೆನ್ನಾಗಿದ್ಲು."

ಅವಳು ಫೋನ್ ಕಟ್ ಮಾಡಲಿಲ್ಲ. ಹಾಸಿಗೆಯ ಮೇಲೆ ಎಲ್ಲೋ ಹಾಕಿರಬೇಕು. ಅದರಲ್ಲಿ ಬಟನ್ ಕೆಮ್ಮುವುದು ಕೇಳಿಸುತ್ತಿತ್ತು, ಅವನು ಅದನ್ನು ಕೇಳುತ್ತ ನಿಂತೇ ಇದ್ದ.