ಗಿಡ್ಡಪ್ಪಣ್ಣನ ಕೆಂಪು ಫೈಟರ್

ಮೀನು ಅಂದರೆ ಸಾರು ಮಾಡಿ ತಿನ್ನುವುದು ಅಂತ ಬೆಳೆದವಳು ನಾನು. ಗೋಣಿಬೀಡಿನ ಆಚೆ ನಮ್ಮ ಎಸ್ಟೇಟಿನ ಕೂಲಿಮನೆಗಳ ಲೈನಿನಲ್ಲಿ ಅರವತ್ತು ದಾಟಿದ ಮನುಷ್ಯರೊಬ್ಬರು ಬೆರಳುದ್ದದ ಮೀನಿಗೆ ಬಾಣಂತನ ಮಾಡುತ್ತಾರೆ ಅಂದರೆ ನಗು ಬಾರದೆ ಇರುತ್ತದೆಯೇ? ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನನ್ನ ಬಾಯಿಗೇ ಬರೆ ಹಾಕಬೇಕು ಅನ್ನಿಸುತ್ತದೆ.

ಗಿಡ್ಡಪ್ಪಣ್ಣ ನಮ್ಮ ತೋಟದ ಸ್ಪ್ರೇ ಮೇಸ್ತ್ರಿ. ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ ಕದಡಿ ಔಷಧಿ ಮಾಡಿ ಕಾಫಿಗೆ, ಮೆಣಸಿನ ಬಳ್ಳಿಗೆ ಹೊಡೆಸುವುದು ಮೂವತ್ತೈದು ವರ್ಷದಿಂದ ಅವರದೇ ಕೆಲಸ. ಕೊಳೆರೋಗ, ಸೊರಗು ರೋಗ ಯಾವುದೇ ಬರಲಿ, ಮೈಲುತುತ್ತ ಒಂದಿದ್ದರೆ ಸಾಕು ಅನ್ನುವರು.

ಅವರ ಹೆಂಡತಿ ಮುತ್ತಮ್ಮಕ್ಕನ ಬಾಯಿ ಇಡೀ ತೋಟಕ್ಕೆ ಗೊತ್ತು. ಕಾಫಿ ಕುಯ್ಯುವಾಗ ಅವಳು ಮಾತು ಶುರುಮಾಡಿದರೆ ಆಚೆ ಸಾಲಿನವರೂ ಕೈ ನಿಲ್ಲಿಸಿ ನಗುವರು. ಹೋದ ಡಿಸೆಂಬರಿನಲ್ಲಿ ಹಣ್ಣು ಕುಯ್ಯುತ್ತಿದ್ದವಳು ಹಾಗೇ ಬಿದ್ದಳು. ಲಕ್ವ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು, ಜೀವ ಉಳಿದಿದೆ, ಜನರ ಗುರುತು ಹತ್ತುತ್ತದೆಯೋ ಇಲ್ಲವೋ ಹೇಳಲಾಗದು ಎಂದು ಮನೆಗೆ ಕಳಿಸಿದರು.

ಗಿಡ್ಡಪ್ಪಣ್ಣನಿಗೆ ಬೇಕಾಗಿದ್ದು ಅದೊಂದೇ. ನಡೆಯದಿದ್ದರೆ ಬೇಡ, ಮಾತಾಡದಿದ್ದರೂ ಬೇಡ, ನಾನು ಯಾರು ಅಂತ ಇವಳಿಗೆ ಗೊತ್ತಿದೆಯೇ? ದಿನಾ ಕೆಲಸಕ್ಕೆ ಹೊರಡುವ ಮೊದಲು ಅವಳ ಮುಖದ ಹತ್ತಿರ ಬಗ್ಗಿ, "ಮುತ್ತೀ, ನಾನ್ಯಾರು ಹೇಳು ನೋಡಾಣ?" ಅನ್ನುವರು. ಅವಳು ಮಾಡಿನ ಹೆಂಚು ನೋಡುತ್ತಾ ಮಲಗಿರುವಳು.

ಆಸ್ಪತ್ರೆಯಿಂದ ಹೊರಡುವ ದಿನ ಕೆಳಗಿನ ಅಂತಸ್ತಿನಲ್ಲಿದ್ದ ಮೀನಿನ ತೊಟ್ಟಿಯ ಮುಂದೆ ಗಾಲಿಕುರ್ಚಿ ನಿಲ್ಲಿಸಿದ್ದಾಗ ಅವಳ ಕಣ್ಣು ಒಂದು ಮೀನಿನ ಹಿಂದೆಯೇ ಹೋಗಿತ್ತಂತೆ. ಅಷ್ಟೇ ಸಾಕಾಯಿತು. ಮೂಡಿಗೆರೆಯಿಂದ ಒಂದು ಗಾಜಿನ ತೊಟ್ಟಿ, ಒಂದು ಕೆಂಪು ಫೈಟರ್ ಮೀನು ಮನೆಗೆ ಬಂದವು. ಬಚ್ಚಲ ಒಲೆಯ ಗೋಡೆ ಸದಾ ಬೆಚ್ಚಗಿರುತ್ತದೆಂದು ಅಕ್ಕನ ಮಂಚವನ್ನು ಅದರ ಪಕ್ಕಕ್ಕೇ ಹಾಕಿದ್ದರು. ಮೀನಿಗೂ ಚಳಿ ಆಗದಂತೆ ತೊಟ್ಟಿಯನ್ನು ಅಲ್ಲೇ ಟ್ರಂಕಿನ ಮೇಲೆ, ಅವಳ ಕಣ್ಣಿನ ಮಟ್ಟಕ್ಕೆ ಇಟ್ಟರು.

ನಾನು ಪಕ್ಕದ ಮನೆಯವಳು, ಶಾಂತಕುಮಾರಿ, ಅಂಗನವಾಡಿ ಟೀಚರ್. ಮಧ್ಯಾಹ್ನ ಅಕ್ಕನಿಗೆ ಗಂಜಿ ಕುಡಿಸುವುದು ನನ್ನ ಪಾಲಿನ ಕೆಲಸ. ಅವಳ ಕಣ್ಣು ಮೀನಿನ ಮೇಲೆ ಇರುವುದನ್ನು ನಾನೂ ನೋಡಿದ್ದೆ. ಎಳೆ ಮಕ್ಕಳೂ ಬಣ್ಣ ಅಲುಗಾಡಿದರೆ ನೋಡುತ್ತವೆ, ಅದರಲ್ಲೇನು ಅಂದುಕೊಂಡೆ.

ಏಪ್ರಿಲ್‌ನಲ್ಲಿ ಗಿಡ್ಡಪ್ಪಣ್ಣ ಒಂದು ಹೆಣ್ಣು ಮೀನು ತಂದರು. ನೀರಿನ ಮೇಲೆ ತೇಲಿಬಿಟ್ಟಿದ್ದ ಒಣಗಿದ ಬಾದಾಮಿ ಎಲೆಯ ಅಡಿಯಲ್ಲಿ ಗಂಡು ಬಾಯಿಂದ ನೊರೆ ಬಿಟ್ಟು ಗೂಡು ಕಟ್ಟಿತು. ಮೊಟ್ಟೆ ಇಟ್ಟ ಕೂಡಲೇ ಹೆಣ್ಣನ್ನು ಬೇರೆ ಮಾಡಬೇಕು, ಇಲ್ಲದಿದ್ದರೆ ಗಂಡು ಕಚ್ಚಿ ಹಾಕುತ್ತದೆ. ಆಮೇಲೆ ಆರೈಕೆಯೆಲ್ಲ ಗಂಡಿನದೇ. ಮೊಟ್ಟೆ ಜಾರಿ ಕೆಳಗೆ ಬಿದ್ದರೆ ಬಾಯಲ್ಲಿ ಎತ್ತಿ ತಂದು ಮತ್ತೆ ನೊರೆಗೆ ಸೇರಿಸುತ್ತದೆ. ಊಟವಿಲ್ಲ, ನಿದ್ದೆಯಿಲ್ಲ.

"ಥೇಟ್ ನಿಮ್ಮ ಹಂಗೇ ಗಿಡ್ಡಪ್ಪಣ್ಣ" ಅಂದೆ.

"ಸುಮ್ನಿರಿ ಟೀಚರಮ್ಮ" ಎಂದು ನಾಚಿಕೊಂಡರು.

ಮರಿಗಳು ಈಜಲು ಕಲಿತ ಮೇಲೆ ಅವನ್ನು ಬಚ್ಚಲಿನಲ್ಲಿ ಒಂದು ಟಬ್ಬಿಗೆ ಹಾಕಿದರು. ಸ್ವಲ್ಪ ದೊಡ್ಡವಾದಾಗ ಅವಕ್ಕೆ ತಿನ್ನಲು ಸೊಳ್ಳೆಮರಿ ಬೇಕೆಂದು ಹಿತ್ತಲಿನಲ್ಲಿ ಒಂದು ಡ್ರಮ್ ನೀರು ನಿಲ್ಲಿಸಿದರು. ಲೈನಿನವರಿಗೆಲ್ಲ ನಿಂತ ನೀರು ಚೆಲ್ಲಿ ಅಂತ ಹೇಳುವವಳು ನಾನು! ಜಗಳಕ್ಕೇ ಹೋದೆ. "ಅದು ಸೊಳ್ಳೆ ಆಗಕ್ಕೆ ನಾನು ಬಿಟ್ರೆ ತಾನೆ? ಬೆಳಗ್ಗೆ, ಸಂಜೆ ಸೋಸ್ತೀನಿ ಮಾರಾಯ್ತಿ" ಅಂದರು. ನಲವತ್ತು ಮರಿ ಉಳಿದವು. ಅಕ್ಕನ ಎಡ ತುಟಿಯ ಕೊನೆ ಅಲುಗಿತು, ನಕ್ಕಳು ಎಂದು ಲೈನಿಗೆಲ್ಲ ಹೇಳಿಕೊಂಡು ಬಂದರು. ಪಾಪ ಅಂತ ಎಲ್ಲರೂ ಹೂಂ ಅಂದೆವು.

ಆದರೆ ಅವಳ ಮುಂದೆ ನಾವು ಆಡಿದ ಮಾತು ಒಂದೇ ಎರಡೇ? ನೋಡಲು ಬಂದ ಅವಳ ತಮ್ಮ ಬೆಳ್ಳಿಯಪ್ಪ ಮಂಚದ ತುದಿಯಲ್ಲೇ ಕೂತು, "ಮಳೇಲಿ ಹೋಗ್ಬಿಟ್ರೆ ಗುಂಡಿ ತೋಡೋದು ಭಾರಿ ಕಷ್ಟ ಭಾವ, ಜಾಗ ಈಗ್ಲೇ ನೋಡಿಡಿ" ಅಂದ. ನಾನೋ, ಗಂಜಿ ಕುಡಿಸುತ್ತಾ ಕುಡಿಸುತ್ತಾ, "ಯಾರಿಗೆ ಬೇಕಪ್ಪಾ ಈ ಬಾಳು, ಶಿವ ಬೇಗ ಕರ್ಕೊಂಡ್ರೆ ಆ ಮನುಷ್ಯನಾದ್ರೂ ಬದುಕ್ತಾರೆ" ಅಂತ ಎಷ್ಟು ಸಲ ಅಂದಿದ್ದೇನೋ.

ಜುಲೈನಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಸೌದೆ ನೆನೆದು ಒಲೆ ಸರಿಯಾಗಿ ಉರಿಯದೆ ಗೋಡೆ ತಣ್ಣಗಾಯಿತು. ಕೆಂಪು ಮೀನಿನ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಎದ್ದವು. ಮರ ಬಿದ್ದು ಮೂಡಿಗೆರೆಗೆ ಬಸ್ಸಿಲ್ಲ, ಮೀನು ಕೊಟ್ಟ ಅಂಗಡಿಯವನನ್ನು ಕೇಳೋಣವೆಂದರೆ ಫೋನಿಗೆ ಟವರಿಲ್ಲ. ಗಿಡ್ಡಪ್ಪಣ್ಣ ತಮಗೆ ಗೊತ್ತಿದ್ದ ಔಷಧಿಗೇ ಕೈ ಹಾಕಿದರು. ಸಾಸಿವೆಯಷ್ಟು ಮೈಲುತುತ್ತ ಕರಗಿಸಿ ತೊಟ್ಟಿಗೆ ಬಿಟ್ಟರು. ಒಂದು ಬಳ್ಳಿಗೆ ರೋಗ ಬಂದರೆ ಇಡೀ ತೋಟಕ್ಕೆ ಹೊಡೆಯಬೇಕು ಅನ್ನುವುದು ಅವರು ಕಲಿತ ಪಾಠ. ಮರಿಗಳ ಟಬ್ಬಿಗೂ ಅಷ್ಟೇ ಬಿಟ್ಟರು.

ಬೆಳಗ್ಗೆ ನಮ್ಮ ಬಾಗಿಲು ಬಡಿದರು. "ಎಲ್ಲಾ ಹೋದ್ವು ಟೀಚರಮ್ಮ. ಒಂದೂ ಉಳೀಲಿಲ್ಲ. ನನ್ನ ಕೈಯಾರೆ..." ಎಂದು ಜಗಲಿಯ ಮೇಲೆ ಕುಸಿದು ಕೂತರು. ಅಕ್ಕ ಏಳುವ ಮೊದಲೇ ಸತ್ತ ಮೀನು ತೆಗೆದು, ತೊಟ್ಟಿ ತೊಳೆದು ಬಂದಿದ್ದರು.

ಉಪಾಯ ಹೇಳಿಕೊಟ್ಟವಳು ನಾನೇ. "ಇವತ್ತು ರೋಡು ಬಿಟ್ಟಿದೆಯಂತೆ. ಅಂಥದ್ದೇ ಕೆಂಪು ಮೀನು ತಂದುಬಿಡಿ ಅಣ್ಣ. ಅವಳಿಗೇನು ಗೊತ್ತಾಗುತ್ತೆ?"

ಮಧ್ಯಾಹ್ನ ನಾನು ಗಂಜಿ ತೆಗೆದುಕೊಂಡು ಹೋಗುವ ಹೊತ್ತಿಗೆ ತಂದು ಬಿಟ್ಟಿದ್ದರು. ಅದೇ ಬಣ್ಣ, ಅದೇ ಗಾತ್ರ. ನನಗಂತೂ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಅಕ್ಕ ತುಂಬಾ ಹೊತ್ತು ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಏಳು ತಿಂಗಳಲ್ಲಿ ಮೊದಲ ಸಲ ಅವಳ ಗಂಟಲಿನಿಂದ ದನಿ ಬಂತು. ಅವಳು ಅಳುತ್ತಿದ್ದಳು.

"ಗೊತ್ತಾಯ್ತು!" ಎಂದು ಗಿಡ್ಡಪ್ಪಣ್ಣ ಕೂಗಿಬಿಟ್ಟರು. "ಇದು ಅದಲ್ಲ ಅಂತ ಗೊತ್ತಾಯ್ತು ಟೀಚರಮ್ಮ! ಮೀನಿನ ಗುರ್ತು ಹತ್ತೋಳಿಗೆ ನನ್ನ ಗುರ್ತು ಹತ್ತಲ್ವಾ?" ನಗುತ್ತಾ, ಅಳುತ್ತಾ ಮಂಚದ ಪಕ್ಕ ಕೂತು, "ನಾನೇ ಸಾಯ್ಸಿದ್ದು ಕಣೇ ಮುತ್ತೀ. ಮೈಲುತುತ್ತ ಹಾಕ್ಬಿಟ್ಟೆ. ಸುಳ್ಳು ಬೇರೆ ಹೇಳಕ್ಕೆ ಹೋದೆ. ಬೈಯೇ, ಒಂದ್ಸಲ ಬೈಯೇ" ಅಂದರು.

ಅವಳು ತಿರುಗಿ ನೋಡಿದಳು. ಎಡಗೈ ತಡವರಿಸಿ ಬಂದು ಅವರ ಕೈ ಹಿಡಿಯಿತು.

ಆಗ ಅವರ ಮುಖದ ನಗು ಇಳಿಯಿತು. "ಹಂಗಾದ್ರೆ ಬೆಳ್ಳಿಯಪ್ಪ ಗುಂಡಿ ವಿಷ್ಯ ಮಾತಾಡಿದ್ದು... ಅದೂ ಕೇಳಿಸ್ಕಂಡ್ಯಾ?"

ಅಕ್ಕ ಕಣ್ಣು ಮುಚ್ಚಿಕೊಂಡಳು. ಬಾಗಿಲಲ್ಲಿ ನಿಂತಿದ್ದ ನಾನು ಗಂಜಿಯ ಬಟ್ಟಲನ್ನು ಅಲ್ಲೇ ಕೆಳಗಿಟ್ಟೆ. ನಾನು ಅಂದಿದ್ದರ ಬಗ್ಗೆ ಅವರು ಕೇಳಲಿಲ್ಲ, ಅದು ಅವರಿಗೆ ಗೊತ್ತೂ ಇರಲಿಲ್ಲ.

ಮಾರನೇ ದಿನ ಚಮಚ ತುಟಿಗೆ ಮುಟ್ಟಿಸಿದೆ. ಅಕ್ಕ ಬಾಯಿ ತೆರೆಯಲಿಲ್ಲ. "ತಪ್ಪಾಯ್ತಕ್ಕ, ನನ್ನ ನಾಲಿಗೆ ಸೇದಿಹೋಗ್ಲಿ" ಎಂದು ಅತ್ತೆ. ನನ್ನನ್ನೇ ನೋಡುತ್ತಿದ್ದಳು, ತುಟಿ ಬಿಗಿಹಿಡಿದು. ಕೆಲಸದಿಂದ ಬಂದ ಗಿಡ್ಡಪ್ಪಣ್ಣ ಅದೇ ಬಟ್ಟಲು, ಅದೇ ಚಮಚ ಹಿಡಿದರು. ಪೂರ್ತಿ ಕುಡಿದಳು.

"ಆಗ ಬಿಸಿ ಇತ್ತೇನೋ ಟೀಚರಮ್ಮ" ಅಂದರು, ನನಗೆ ನೋವಾಗದಿರಲಿ ಎಂದು.

ಭಾದ್ರಪದದಲ್ಲಿ ಅಕ್ಕ ಹೋದಳು. ಅಲ್ಲಿಯವರೆಗೂ ದಿನಾ ಗಂಜಿ ಮಾಡಿಕೊಂಡು ಹೋದೆ. ನನ್ನ ಕೈಯಿಂದ ಒಂದು ಗುಟುಕೂ ಕುಡಿಯಲಿಲ್ಲ.