ಡಿಕ್ಕಿಯೊಳಗಿನ ಕೌದಿ

ಈಗಲೂ ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ ಬಾಗಿಲನ್ನು ಒಳಗಿನಿಂದ ಒಮ್ಮೆ ತೆರೆದು ನೋಡುತ್ತೇನೆ. ಡ್ರೈವರುಗಳಿಗೆ ಬೇಸರವಾಗುತ್ತದೆ. ನನಗೂ ಸಾಕಾಗಿದೆ, ಆದರೆ ಕೈ ಕೇಳುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಘಾಟ್ಕೋಪರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮಣ್ಣ ಹಳೆಯದೊಂದು ಕಾರು ಕೊಂಡು ಅದಕ್ಕೆ ಕ್ಯಾಸೆಟ್ ಸೆಟ್ ಹಾಕಿಸಿದ್ದ. ಅವ್ವನಿಗೆ ಕಿವಿ ಮಂದ. ಹಿಂದೆ ಕೂರುವ ಅವಳಿಗೆ ಭಜನೆ ಕೇಳಲೆಂದು ಸೀಟಿನ ಹಿಂದಿನ ಹಲಗೆಗೆ ತಾನೇ ಎರಡು ಸ್ಪೀಕರ್ ಕೂರಿಸಿದ. ಹಾಡು ಶುರುವಾದರೆ ಸಾಕು, ಹಲಗೆ, ಬಾಗಿಲು, ಡಿಕ್ಕಿಯ ತಗಡು ಎಲ್ಲವೂ ಗಡಗಡ ನಡುಗುತ್ತಿದ್ದವು.

"ಭಜನಿ ಹಚ್ಚೀಯೋ, ಡಬ್ಬಿ ಬಡಿಯಾಕ ಹಚ್ಚೀಯೋ?" ಎಂದಳು ಅವ್ವ.

ಅಣ್ಣನಿಗೆ ಛಲ ಬಂತು. ಸ್ಪೀಕರಿನ ಅಂಚಿಗೆ ದಪ್ಪ ಬಟ್ಟೆ ಕೊಟ್ಟು ಸ್ಕ್ರೂ ಬಿಗಿದ. ಸೈಕಲ್ ಟ್ಯೂಬ್ ಕತ್ತರಿಸಿ ಹಿಂದಿನ ಬಾಗಿಲುಗಳ ಚೌಕಟ್ಟಿಗೆ ಅಂಟಿಸಿದ. ಡಿಕ್ಕಿಯ ತುಕ್ಕು ಹಿಡಿದ ತಳಕ್ಕೆ ಅವ್ವ ಹೊಲಿದ ಹಳೇ ಕೌದಿಯನ್ನು ಮಡಿಸಿ ಒತ್ತಿದ. ಸದ್ದು ನಿಂತಿತು. ಬಾಗಿಲು ಹಾಕಲು ಭುಜ ಕೊಡಬೇಕಾಗುತ್ತಿತ್ತು, ಅಷ್ಟೇ.

"ಫಾರಿನ್ ಗಾಡಿ ಆತಲೇ!" ಎಂದು ನನ್ನ ಬೆನ್ನಿಗೆ ಗುದ್ದಿದ.

ಒಂದು ಭಾನುವಾರ ಭಾಂಡುಪಿನಲ್ಲಿದ್ದ ಬೀಗರ ಮನೆಗೆ ಊಟಕ್ಕೆ ಹೊರಟೆವು. ನಾನು ಅಣ್ಣನ ಪಕ್ಕದಲ್ಲಿದ್ದೆ, ಅವ್ವ ಹಿಂದೆ ಒಬ್ಬಳೇ. ಕಾರ್ಖಾನೆಗಳ ಚಿಮಣಿ ಕಾಣತೊಡಗಿದವು.

"ಏನೋ ಸುಡಾಕತ್ತೈತಿ," ಎಂದಳು ಅವ್ವ.

"ಫ್ಯಾಕ್ಟರಿ ಹೊಗಿ ಬೇ. ಕಾಚು ಏರಿಸ್ಕೋ," ಎಂದ ಅಣ್ಣ.

ಅವಳು ಕಿಟಕಿಯ ಗಾಜು ಏರಿಸಿದಳು. "ಫ್ಯಾಕ್ಟರಿಯಾಗ ಅರಬಿ ಸುಡ್ತಾರೇನೋ ಮೂಳ? ಇದು ಅರಬಿ ವಾಸನಿ!"

ಬಟ್ಟೆ ಸುಡುವ ವಾಸನೆ ನನಗೂ ಬಡಿಯಿತು. ತಿರುಗಿ ನೋಡಿದೆ. ಸ್ಪೀಕರಿನ ಜಾಲರಿಯಿಂದ ಹೊಗೆ ಎದ್ದು ಅವಳ ತಲೆಯ ಸುತ್ತ ಹರಡುತ್ತಿತ್ತು. ಭಜನೆ ಮಾತ್ರ ಸ್ವಚ್ಛವಾಗಿ ನಡೆದಿತ್ತು.

ಕಾರು ನಿಲ್ಲಿಸಿ ಇಬ್ಬರೂ ಹಾರಿದೆವು. ನನ್ನ ಕಡೆಯ ಹಿಂದಿನ ಬಾಗಿಲನ್ನು ನಾನು ಹೊರಗಿನಿಂದ ಎಳೆದೆ, ಅವಳು ಒಳಗಿನಿಂದ ತಳ್ಳಿದಳು. ರಬ್ಬರ್ ಬಿಸಿಲಿಗೆ ಮೆತ್ತಗಾಗಿ ಬಾಗಿಲನ್ನು ಕಚ್ಚಿಕೊಂಡಿತ್ತು. ಮುಂದಿನ ಸೀಟು ದಾಟಿ ಬರುವ ವಯಸ್ಸಲ್ಲ ಅವಳದು. ಮುಖ ಮರೆಯಾಯಿತು. ಗಾಜಿಗೆ ಒತ್ತಿದ ಅಂಗೈ, ಹಸಿರು ಬಳೆ ಮಾತ್ರ ಕಾಣುತ್ತಿದ್ದವು. ಆ ಬಾಗಿಲನ್ನು ನಾನು ಇನ್ನೂ ಎಳೆಯುತ್ತಲೇ ಇದ್ದೇನೆ.

ಆ ಕಡೆಯ ಬಾಗಿಲೂ ಬರದೆ ಅಣ್ಣ ಈ ಕಡೆ ಓಡಿಬಂದು, ಕಾರಿಗೆ ಕಾಲು ಕೊಟ್ಟು ನನ್ನ ಜೊತೆ ಜಗ್ಗಿದ. ರಬ್ಬರ್ ಪರ್ರನೆ ಹರಿಯಿತು. ಅವ್ವ ಕೆಮ್ಮುತ್ತ ನಮ್ಮ ಮೇಲೆಯೇ ಬಿದ್ದಳು.

ಡಿಕ್ಕಿ ತೆರೆದರೆ ಕೌದಿ ಉರಿಯಿಲ್ಲದೆ ಕೆಂಪಗೆ ಸುಡುತ್ತಿತ್ತು. ಅದರ ಒಂದು ಮೂಲೆ ತುಕ್ಕಿನ ತೂತಿನಿಂದ ಇಳಿದು ಕೆಳಗಿನ ಕಾದ ಸೈಲೆನ್ಸರಿನ ಮೇಲೆ ಕೂತಿತ್ತು. ಅದನ್ನು ಗಟಾರಕ್ಕೆ ಎಳೆದು ಹಾಕಿದೆವು. ಅಣ್ಣ ಬಾಗಿಲುಗಳ ರಬ್ಬರನ್ನು ಉಗುರಿನಿಂದ ಕಿತ್ತ.

ಸ್ವಲ್ಪ ಹೊತ್ತಿಗೆ ಅವ್ವ ತಾನೇ ಎದ್ದು ಹಿಂದೆ ಕೂತಳು. "ನಡೀರಿ, ಬೀಗರು ಕಾಯಾಕತ್ತಿರ್ತಾರ. ಹಾಡು ಹಚ್ಚು."

"ಗಡಗಡ ಅಂತೈತಿ ಬೇ," ಎಂದ ಅಣ್ಣ.

"ಅನ್ಲಿ. ಬಾಗ್ಲಾ ಸಡಲ ಐತಿ ಅಂತಾದ್ರೂ ತಿಳೀತೈತಿ."

ಬೀಗರ ಮನೆಯವರೆಗೆ ನಾನು ಕೇಳಿದ್ದು ಆ ಬಾಗಿಲಿನ ಗಡಗಡವನ್ನೇ.